ನಾಲ್ಕು ಬೆರಳು ಬಟ್ಟೆ

೧
ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕೊಲೆಯಿಂದ ಶುರು ಮಾಡಿದರೆ ಅವನ ಮೇಲೆ ಹಲ್ಲು ಕಡಿಯುತ್ತೀರಿ. ಅವನ ಹೊಲಿಗೆ ಮೆಷಿನ್ನಿಂದ ಶುರು ಮಾಡಿದರೆ "ಅಯ್ಯೋ ಪಾಪ" ಅಂತೀರಿ. ಎರಡೂ ಮೋಸವೇ. (ಕಥೆ ಬರೆಯೋದೇ ಮೋಸದ ಕಸುಬು ಅಂತ ನಮ್ಮ ಅತ್ತೆ ಅಂತಾರೆ. ಅದು ಬೇರೆ ಜಗಳ.)

ಒಟ್ಟಿಗೇ ಹೇಳಿಬಿಡ್ತೀನಿ. ಹದಿನಾರರ ಹುಡುಗನೊಬ್ಬ ಔಷಧಿ ಅಂಗಡಿಗೆ ನುಗ್ಗಿ ಗಲ್ಲಾಕ್ಕೆ ಕೈ ಹಾಕಿದ. ತಡೆಯಲು ಬಂದ ಅಂಗಡಿಯವನಿಗೆ ಕಬ್ಬಿಣದ ಸಲಾಕೆಯಲ್ಲಿ ಹೊಡೆದ. ಅಂಗಡಿಯವನು ಸತ್ತ, ಅವನಿಗೂ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹುಡುಗನಿಗೆ ಸಾಯುವವರೆಗೂ ಜೈಲು. ಪೆರೋಲ್ ಇಲ್ಲ, ಬಿಡುಗಡೆ ಕೇಳುವ ಹಾಗೂ ಇಲ್ಲ.

ಈಗ ಅವನು ಜೈಲಿನ ಟೈಲರ್, ಕಿವಿಯ ಪಕ್ಕ ನರೆ. ಕಾನೂನು ಬದಲಾಗಿದೆ. ಎಳೆಯ ವಯಸ್ಸಲ್ಲಿ ಒಳಗೆ ಹೋದವರಿಗೆ ಬಿಡುಗಡೆ ಕೇಳುವ ಅವಕಾಶ ಕೊಡಬೇಕೋ ಬೇಡವೋ ಅಂತ ಕೋರ್ಟು ಒಬ್ಬೊಬ್ಬರನ್ನೇ ಕರೆದು ನೋಡುತ್ತಿದೆ. ಈ ಸಲ ಟೈಲರ್ ಸರದಿ. ಸತ್ತವನ ಅಕ್ಕನೂ ಮಾತಾಡಬೇಕು. ಆಕೆ ಆಸ್ಪತ್ರೆಯಲ್ಲಿ ನರ್ಸು.

೨ (ಹರಿದು ಹಾಕಿದ ಡ್ರಾಫ್ಟ್)
"ನರ್ಸಕ್ಕ ಕಣ್ಣೊರೆಸಿಕೊಂಡು, 'ಕ್ಷಮಿಸಿದ್ದೇನಪ್ಪ' ಎಂದಳು."

ಬರೆದು ಮೈಮುರಿಯುತ್ತಿದ್ದೆ. ನರ್ಸಕ್ಕ ಎದುರಿಗೇ ಬಂದು ಕೂತಳು.

"ಏನ್ರೀ ಇದು? ನಾನ್ಯಾವಾಗ ಹಂಗಂದೆ?"

"ಓದೋರ ಮನಸ್ಸಿಗೆ ಹಿತ ಅಕ್ಕಾ..."

"ಹಿತ ಬೇಕಿದ್ರೆ ಮಾತ್ರೆ ನುಂಗ್ಲಿ. ನನ್ನ ತಮ್ಮನ್ನ ಯಾಕೆ ಅರೆದು ಕುಡಿಸ್ತೀರಿ?"

(ಮಾತು ಕೇಳಿ ಹಾಳೆ ಹರಿದು ಹಾಕಿದೆ. ಅಪರೂಪಕ್ಕೆ.)

೩
ಸರಿ, ಟೈಲರ್ ಕಡೆಯಿಂದ ನೋಡೋಣ. ಹೊಸದಾಗಿ ಬರುವ ಎಳೆಯರ ಪ್ಯಾಂಟಿನ ಕೆಳಗೆ ಅವನು ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಚಿ ಹೊಲಿಯುತ್ತಾನೆ. ಹೊಲಿಗೆ ಕೋಣೆಯ ಮೇಸ್ತ್ರಿ ದಿನಾ ಬೈತಾನೆ.

"ಏಯ್, ಬಟ್ಟೆ ಏನು ನಿಮ್ಮಪ್ಪಂದಾ?"

"ಇವು ಇನ್ನೂ ಬೆಳೀತಾವಲ್ಲ ಸಾರ್. ನಾನು ಬಂದ ವರ್ಷವೇ ನನ್ನ ಪ್ಯಾಂಟು ಮೇಲಕ್ಕೇರಿತ್ತು. ಬಿಚ್ಚಿ ಇಳಿಸೋಣ ಅಂದ್ರೆ ಒಳಗೆ ಏನೂ ಇರ್ಲಿಲ್ಲ."

ಆಹಾ! ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹದಿನಾರಕ್ಕೇ ಮನುಷ್ಯನ ಅಳತೆ ತೆಗೆದು, ಕಡೆಯವರೆಗೂ ಇಷ್ಟೇ ಅಂದುಬಿಟ್ಟರೆ ಹೇಗೆ? ಕುಣಿಯುತ್ತಾ ನರ್ಸಕ್ಕನಿಗೆ ಓದಿ ಹೇಳಿದೆ.

"ಚೆನ್ನಾಗಿದೆ," ಅಂದಳು. "ನನ್ನ ತಮ್ಮ ಬೆಳೆದಿದ್ರೆ ಹೆಂಗಿರ್ತಿದ್ದ? ಅದನ್ನೂ ಬರೀರಿ."

ಟೈಲರ್ ಮಧ್ಯೆ ಬಾಯಿ ಹಾಕಿದ: "ಆ ಪ್ಯಾಂಟಿನ ಸೀನ್ ತೆಗೆದುಬಿಡಿ ಸಾರ್. ಅದನ್ನ ತೋರಿಸಿ ಬಿಡುಗಡೆ ಕೇಳಿದ್ರೆ ವ್ಯಾಪಾರ ಆಗುತ್ತೆ."

(ತೆಗೆಯಲಿಲ್ಲ. ಬರೆಯುವವನಿಗೂ ಒಂದಿಷ್ಟು ಹಠ ಇರುತ್ತೆ.)

೪ ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ
ಅ) ಕೋರ್ಟು ಆಗಲ್ಲ ಅನ್ನುತ್ತೆ. ಟೈಲರ್ ಮತ್ತೆ ಮೆಷಿನ್ನಿನ ಮುಂದೆ. (ಕೈ ಬರಲ್ಲ ನನಗೆ.)

ಆ) ಟೈಲರ್ ಹೊರಗೆ, ತಂಗಾಳಿ, ಬ್ಯಾಕ್‌ಗ್ರೌಂಡ್ ಮ್ಯೂಸಿಕ್. (ಪಾಪ್‌ಕಾರ್ನ್ ಯಾರು ಕೊಡಿಸ್ತೀರಿ?)

ಇ) ನರ್ಸಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಜಡ್ಜ್ ಮುಂದೆ ತಾನೇ ಎದ್ದು ನಿಂತಳು.

"ಆಗ ನಾನು ಇದೇ ಕೋರ್ಟಲ್ಲಿ, ಇವನನ್ನ ನೇಣಿಗೆ ಹಾಕಿ ಅಂತ ಕಿರುಚಿದ್ದೆ ಸ್ವಾಮಿ. ಆ ಹುಡುಗಿ ಈಗ ನನ್ನೊಳಗೆ ಹುಡುಕಿದ್ರೂ ಸಿಗಲ್ಲ. ಇವನೊಳಗಿನ ಆ ಹುಡುಗ ಇದ್ದಾನಾ, ಹೋದನಾ? ನೋಡದೆ ನಾನು ಹೆಂಗೆ ಹೇಳ್ಲಿ? ಬಿಡಿ ಅಂತ ಹೇಳ್ತಿಲ್ಲ. ಕೇಳೋ ಹಕ್ಕು ಇವನಿಗಿರಲಿ. ಬೇಡ ಅನ್ನೋ ಹಕ್ಕು ನನಗೂ ಇರಲಿ."

ಟೈಲರ್ ಕಡೆ ತಿರುಗಿದಳು. "ನಾನೂ ಒಂದು ಕೇಳಬೇಕು. ಅವತ್ತು ನನ್ನ ತಮ್ಮ ಕೊನೆಗೆ ಏನಾದ್ರೂ ಅಂದ್ನಾ? ಅಲ್ಲಿದ್ದದ್ದು ನೀನೊಬ್ಬನೇ."

"ಅಂದ್ರು, ಮೇಡಂ."

"ಹೇಳು."

ಜಡ್ಜ್ ಊಟದ ಹೊತ್ತು ಅನ್ನಬೇಕಿತ್ತು, ಅನ್ನಲಿಲ್ಲ. ತೀರ್ಪು ಇನ್ನೂ ಬಂದಿಲ್ಲ, ನಾನಂತೂ ಬರೆಯಲ್ಲ. ಟೈಲರ್ ಈಗಷ್ಟೇ ಮಾತು ಶುರು ಮಾಡಿದ್ದಾನೆ, ನರ್ಸಕ್ಕ ಒಂದು ಹೆಜ್ಜೆ ಹತ್ತಿರ ಬಂದಿದ್ದಾಳೆ. ದಯವಿಟ್ಟು ಸ್ವಲ್ಪ ಹೊತ್ತು ಸದ್ದು ಮಾಡಬೇಡಿ.