ಉಗ್ರಾಣದ ಗೂಳಿ

ಗೂಳಿ ಬಲಕ್ಕೆ ಮುಖ ಮಾಡಿತ್ತು. ಹೆಬ್ಬೆರಳಗಲದ ಆ ಮುದ್ರೆಗಲ್ಲನ್ನು ಬಾಗಿಲ ಬೆಳಕಿಗೆ ಹಿಡಿದ ಕೂಡಲೇ ಅಣ್ಣನಿಗೆ ಅದು ಕಂಡಿತು. ಕಲ್ಲಿನಲ್ಲಿ ಎಡಕ್ಕೆ ಕೆತ್ತಿದರೆ ತಾನೆ ಹಸಿಮಣ್ಣಿನ ಮೇಲೆ ಬಲಕ್ಕೆ ಮೂಡುವುದು! ಕಸುಬಿನ ಮೊದಲ ದಿನದ ಪಾಠ ಅದು. ನೋಡಿ ಕೆತ್ತಲೆಂದು ಉಗ್ರಾಣದವರು ಹಳೆಯ ಮುದ್ರೆ ಒತ್ತಿದ ಮಣ್ಣಿನ ಬಿಲ್ಲೆಯನ್ನು ಕೊಟ್ಟಿದ್ದರು. ತಮ್ಮ ಅದನ್ನೇ ಎದುರಿಗಿಟ್ಟುಕೊಂಡು, ಗೂಳಿಯ ಭುಜದಲ್ಲಿ, ಕೊಂಬಿನ ತಿರುವಿನಲ್ಲಿ ಮೈಮರೆತು, ಕಂಡದ್ದನ್ನು ಕಂಡ ಹಾಗೆಯೇ ಕೆತ್ತಿಬಿಟ್ಟಿದ್ದ.

"ಹೇಗಿದೆ ಅಣ್ಣಾ? ನೀನು ಹೂಂ ಅಂದ್ರೆ ಈಗಲೇ ಕೊಟ್ಟು ಬರೋಣ."

ಕಬ್ಬಿಣವನ್ನು ಇನ್ನೂ ಯಾರೂ ಕಂಡಿರದ ಕಾಲ ಅದು. ಹೊಸ ಮುದ್ರೆಯನ್ನು ಮೊದಲ ಸಲ ಮಣ್ಣಿಗೆ ಒತ್ತುವ ಹಕ್ಕು ಅದರ ಒಡೆಯನದು. ಅಲ್ಲಿಯವರೆಗೆ ಕೆತ್ತಿದವನೂ ಒತ್ತಿ ನೋಡುವಂತಿಲ್ಲ. ಹಾಗಾಗಿ ಅಂಗಡಿ ದಾಟುವ ಮುನ್ನ ತಪ್ಪು ಹಿಡಿಯಬೇಕಾದದ್ದು ಅಣ್ಣನ ಕಣ್ಣು. ಮೂವತ್ತು ವರ್ಷದಲ್ಲಿ ಒಂದು ಗೆರೆಯೂ ಆ ಕಣ್ಣಿಂದ ತಪ್ಪಿಸಿಕೊಂಡಿರಲಿಲ್ಲ.

ಆದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಉಗ್ರಾಣದ ಅಧಿಕಾರಿ ಅಂಗಡಿಗೆ ಬಂದವನೇ ಇವನ ಮುಂದೆಯೇ ಹಾದು, "ಈ ಸಲ ನಿಮ್ಮ ತಮ್ಮ ಕೆತ್ತಲಿ" ಎಂದಿದ್ದ. ತಾಮ್ರದ ಉಳಿ ಹಿಡಿಯುವುದನ್ನು ತಮ್ಮನಿಗೆ ಕೈ ಹಿಡಿದು ಕಲಿಸಿದ್ದು ಯಾರು? ಸ್ವಂತ ಹೆಂಡತಿಯಾದರೂ ಸುಮ್ಮನಿದ್ದಳೇ? "ನಿಮ್ಮ ತಮ್ಮನ ಗೂಳಿ ಇನ್ನೇನು ಗುಟುರು ಹಾಕುತ್ತೆ ನೋಡಿ" ಎಂದು ಬಡಿಸುತ್ತಲೇ ಬಾಯ್ತುಂಬ ಹೊಗಳಿದ್ದಳು. ಇವನು ಕೆತ್ತಿದ ಇಷ್ಟೊಂದು ಮೇಕೆ, ಹದ್ದು, ಮೀನುಗಳಲ್ಲಿ ಒಂದಾದರೂ ಅವಳ ಕಿವಿಗೆ ಕೂಗಿರಲಿಲ್ಲ. ಎಲ್ಲಕ್ಕಿಂತ ಸಂಕಟವೆಂದರೆ, ಗೂಳಿ ನಿಜಕ್ಕೂ ಚೆನ್ನಾಗಿತ್ತು. ಅಂಥದ್ದನ್ನು ತಾನು ಯಾವತ್ತೂ ಕೆತ್ತಲಾರೆ ಎಂಬುದು ಅವನಿಗೆ ಗೊತ್ತಿತ್ತು.

"ಚೆನ್ನಾಗಿದೆ. ಕೊಟ್ಟು ಬಾ" ಎಂದ.

"ನೀನೂ ಬಾ ಅಣ್ಣಾ. ನೀನಿಲ್ದೆ ಅಲ್ಲಿ ನನಗೆ ಬಾಯೇ ಬರಲ್ಲ."

ಉಗ್ರಾಣದಲ್ಲಿ ಆಳೆತ್ತರದ ಗುಡಾಣಗಳು ಸಾಲಾಗಿ ನಿಂತಿದ್ದವು. ಅಧಿಕಾರಿ ಒಂದರ ಬಾಯಿಗೆ ಕಟ್ಟಿದ ಹಗ್ಗದ ಗಂಟಿಗೆ ಹಸಿಮಣ್ಣು ಮೆತ್ತಿ, ಹೊಸ ಮುದ್ರೆಯನ್ನು ಒತ್ತಿ ತೆಗೆದ. ಅವನ ಹುಬ್ಬು ಗಂಟಿಕ್ಕಿತು.

"ಏನ್ರೀ ಇದು? ನಮ್ಮ ಗೂಳಿ ಎಡಕ್ಕೆ ತಿರುಗಿಕೊಂಡಿದೆ! ಇದನ್ನ ನೋಡಿದೋರು ಕಳ್ಳಮುದ್ರೆ ಅಂತಾರೆ. ನಿಮ್ಮ ಅಣ್ಣ ನೋಡ್ಲಿಲ್ವಾ?"

ತಮ್ಮ ಬಾಗಿ ಮಣ್ಣಿನ ಮೇಲಿನ ಗೂಳಿಯನ್ನು ನೋಡಿದ. ಈಗ ತನ್ನ ಕಡೆ ಬೆರಳು ತೋರಿಸುತ್ತಾನೆ ಎಂದುಕೊಂಡ ಅಣ್ಣ, ಮಾತಿಗೆ ಮಾತು ಸಿದ್ಧಮಾಡಿಕೊಂಡೇ ನಿಂತಿದ್ದ. ತಮ್ಮ ಅವನ ಕಣ್ಣುಗಳನ್ನೇ ಒಂದು ಗಳಿಗೆ ದಿಟ್ಟಿಸಿದ.

"ಇಲ್ಲ ಸ್ವಾಮಿ. ಅವಸರದಲ್ಲಿ ಅಣ್ಣನಿಗೆ ತೋರಿಸ್ಲೇ ಇಲ್ಲ. ತಪ್ಪು ನನ್ನದೇ."

"ಹಾಗಾದ್ರೆ ಇನ್ನು ನಿನಗೆ ಇಲ್ಲಿ ಕೆಲಸ ಇಲ್ಲ. ಹಿರಿಯರೇ, ನೀವೇ ಕೆತ್ತಿಕೊಡಿ."

ಅಣ್ಣ ಬಯಸಿದ್ದು ಕೈಗೆ ಬಂದಿತ್ತು. ಹೊರಗಿನ ಜಗಲಿಗೆ ಬಂದಾಗ ತಮ್ಮ ಮೆಲ್ಲಗೆ ಅವನ ತೋಳು ಹಿಡಿದುಕೊಂಡ.

"ಅಣ್ಣಾ, ಕಣ್ಣು ಯಾವಾಗಿಂದ ಮಂಜಾಗಿದೆ?"

ಅಣ್ಣ ಥಟ್ಟನೆ ಅವನತ್ತ ತಿರುಗಿದ.

"ನನಗೊಂದು ಮಾತು ಹೇಳಬಾರದಿತ್ತಾ? ಹೋಗ್ಲಿ ಬಿಡು. ಹೊಸ ಕಲ್ಲನ್ನ ನಾನೇ ಕೆತ್ತಿ, ನೀನು ಕೆತ್ತಿದ್ದು ಅಂತ ಕೊಡೋಣ. ಅತ್ತಿಗೆಗೂ ನಾನೇ ನಿಧಾನಕ್ಕೆ ತಿಳಿಸ್ತೀನಿ. ನೀನು ಮಾತ್ರ ಇನ್ನು ಉಳಿ ಮುಟ್ಟಬೇಡ, ಕೈ ಕುಯ್ದುಕೊಂಡೀಯ."

ನನಗೆ ಕಂಡಿತ್ತು ಕಣೋ, ಕಂಡೂ ಸುಮ್ಮನಿದ್ದೆ. ಅಷ್ಟೇ ಹೇಳಬೇಕಾದದ್ದು. ಅಣ್ಣ ಬಾಯಿ ತೆರೆದ. ತಮ್ಮನ ಕಣ್ಣಲ್ಲಿ ನೀರಾಡುತ್ತಿತ್ತು.

"ಹೋದ ಚಳಿಗಾಲದಿಂದ" ಎಂದುಬಿಟ್ಟ.

"ಮೆಟ್ಟಿಲಿದೆ, ಹುಷಾರು."

ಕೆಳಗೆ ಏಳು ಮೆಟ್ಟಿಲುಗಳಿದ್ದವು. ಕೊನೆಯದರ ಅಂಚಿನಲ್ಲಿ ಇರುವೆಯೊಂದು ಕಾಳಿನ ಹೊಟ್ಟನ್ನು ಎಳೆದುಕೊಂಡು ಹೋಗುತ್ತಿದ್ದದ್ದೂ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ತಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದು, ಕಾಲು ಚಾಚಿ, ಮೊದಲ ಮೆಟ್ಟಿಲಿಗಾಗಿ ತಡಕಾಡಿದ.