ದೇವರ ಬಟ್ಟಲಾದ ಮೂರು ಮುಚ್ಚಳ

ಕಾವೊಹ್ಸಿಯುಂಗ್ ನಗರದಲ್ಲಿ ಏಳುತ್ತಿದ್ದ ಹದಿನೈದು ಅಂತಸ್ತಿನ ಕಟ್ಟಡದ ಮೂರನೇ ಮಹಡಿಯಲ್ಲಿ ತಪಾಸಣೆಯ ಎಂಜಿನಿಯರ್ ಪೀಹಾ ಮೊಣಕಾಲೂರಿ ಕಪ್ಲರಿನೊಳಗೆ ಟಾರ್ಚ್ ಬಿಟ್ಟಳು. ಬಿಟ್ಟ ಮರುಗಳಿಗೆಗೇ ಬೆಳಿಗ್ಗೆ ಕುಡಿದ ಗಂಜಿ ಗಂಟಲಿಗೆ ಬಂತು. ಅಡಿಕೆಯ ಕೆಂಪು ಉಗುಳು, ಸಿಮೆಂಟಿನ ನೀರು, ಒಂದು ಸಿಗರೇಟಿನ ಮೋಟು, ಎಲ್ಲ ಸೇರಿ ಗಟ್ಟಿಯಾದ ರಾಡಿ. ಏಳು ಊರಿನ ಚರಂಡಿ ಒಂದಾದರೂ ಇಷ್ಟು ನಾರಲಿಕ್ಕಿಲ್ಲ.

ಕಪ್ಲರ್ ಎಂದರೆ ಕಂಬದ ಕೆಳಗಿನ ಸರಳಿನ ತುದಿಗೆ ಕೂತ ಉಕ್ಕಿನ ಕೊಳವೆ, ಒಳಗೆ ತಿರುಪು. ಮೇಲಿನ ಸರಳನ್ನು ಅದರಲ್ಲಿ ತಿರುಗಿಸಿ ಬಿಗಿದರೆ ಎರಡೂ ಸೇರಿ ಒಂದೇ ಸರಳು. ಪೂರ್ತಿ ಕೂತದ್ದನ್ನು ನೋಡಿ ಪೀಹಾ ಬಿಳಿ ಗೆರೆ ಎಳೆಯಬೇಕು. ಗೆರೆಯಿಲ್ಲದ ಕಂಬಕ್ಕೆ ಕಾಂಕ್ರೀಟಿಲ್ಲ. ಲಾರಿ ಎರಡು ಗಂಟೆಗೆ ಬರುವುದಿತ್ತು. ಇದೇ ಕಂಬದ ಮೇಲೆ, ಎಂಟನೇ ಮಹಡಿಯಲ್ಲಿ, ಭೂಕಂಪಕ್ಕೆ ಮನೆ ಕಳೆದುಕೊಂಡ ಅವಳ ತಾಯಿ ಹೊಸ ಮನೆ ಕಾದಿರಿಸಿದ್ದಳು. ಇಪ್ಪತ್ತನಾಲ್ಕು ಕಪ್ಲರುಗಳಲ್ಲಿ ಮೂರಕ್ಕೆ ಕಸ ಬೀಳದಂತೆ ಹಾಕುವ ಮುಚ್ಚಳವೇ ಇಲ್ಲ. ಆ ಮೂರರಲ್ಲಿ ಸರಳು ಎರಡೇ ಸುತ್ತಿಗೆ ನಿಂತುಬಿಡುತ್ತಿತ್ತು.

“ಹ್ವೇಬೊಕ್ ಅಪೇ! ಮುಚ್ಚಳ ಎಲ್ಲಿ?”

ಎಲ್ಲರೂ ಅಪೇ, ಅಂದರೆ ದೊಡ್ಡಪ್ಪ, ಎನ್ನುವ ಕಂಬಿ ಮೇಸ್ತ್ರಿ ಹ್ವೇಬೊಕ್ ನಲವತ್ತು ವರ್ಷದಲ್ಲಿ ಕಟ್ಟಿದ ತಂತಿಯನ್ನು ಬಿಡಿಸಿದರೆ ಚಂದ್ರನಿಗೆ ಮೂರು ಸುತ್ತು ಬಂದು ಅವನ ಡೊಳ್ಳುಹೊಟ್ಟೆಗೂ ಉಳಿದೀತು. ಅವನು ಕೆನ್ನೆ ತುಂಬ ಅಡಿಕೆ ಇಟ್ಟುಕೊಂಡೇ ಮೂಲೆಗೆ ಗದ್ದ ತೋರಿಸಿದ. ಅಲ್ಲಿ ಭೂದೇವರ ಪುಟ್ಟ ಮೂರ್ತಿಯ ಮುಂದೆ ಊದುಕಡ್ಡಿ, ಬಿಸ್ಕತ್ತು, ಮೂರು ಪ್ಲಾಸ್ಟಿಕ್ ಮುಚ್ಚಳದಲ್ಲಿ ಅಕ್ಕಿಯ ಹೆಂಡ.

“ನಿನ್ನೆ ಚಾಂದ್ರ ತಿಂಗಳ ಹದಿನಾರು, ಭೂದೇವರ ಪೂಜೆ ಅಲ್ವೇನೇ? ಬಟ್ಟಲು ಮನೇಲೇ ಮರ್ತು ಬಂದಿದ್ದೆ.”

“ದೇವರಿಗೆ ಮುಚ್ಚಳ ಬಟ್ಟಲು, ನಿಮಗೆ ಕಪ್ಲರು ಪೀಕದಾನಿ! ಥೂ!”

“ತಿರುಪು ಉಜ್ಜೋ ಈ ನಲ್ಲಿ ರಿಪೇರಿ ಕೆಲಸ ನನಗ್ಯಾಕೆ? ಪಕ್ಕಕ್ಕೊಂದು ಸರಳು ನಿಲ್ಸಿ ತಂತಿ ಸುತ್ತಿದ್ರೆ ಮುಗೀತು.” ಅಂದವನೇ ಕಣ್ಣುರೆಪ್ಪೆ ಬಡಿಯುವುದರೊಳಗೆ ಮೂರು ಸರಳು ಕಟ್ಟಿಯೇಬಿಟ್ಟ.

“ನೆಲದಿಂದ ಮೊಣಕಾಲುದ್ದ ಎದ್ದ ತುಂಡಿಗಾ? ಇಷ್ಟು ದಪ್ಪದ ಸರಳಿಗೆ ಪಕ್ಕಪಕ್ಕದ ಜೋಡಣೆ ಎದೆಮಟ್ಟ ಬರ್ಬೇಕು. ಅದಿರ್ಲಿ, ಆ ಸರಳುಗಳ ಸಂದೀಲಿ ಕೈ ಹಾಕಿ ನೋಡೋಣ.”

ಹಾಕಿದ. ಕೈ ಹೊರಗೆ ಬರಲಿಲ್ಲ.

“ಹೆಗ್ಗಣ ಬಿತ್ತು ಬೋನಿಗೆ!” ಎಂದು ಕೂಲಿಯವರು ಕುಣಿದರು. ಅರ್ಧ ಬಕೆಟ್ ಸೋಪಿನ ನೀರಿಗೆ ಕೈ ಬಿಟ್ಟುಕೊಂಡಿತು.

“ಕೈಯೇ ಇಳಿಯಲ್ಲ, ಜಲ್ಲಿ ಹೇಗೆ ಇಳಿಯುತ್ತೆ? ಒಳಗೆಲ್ಲ ಪೊಳ್ಳು ಆಗುತ್ತೆ.” ಪೀಹಾ ಕಂಬದ ಇನ್ನೊಂದು ಬದಿಗೆ ಹೋದಳು. ಅಲ್ಲಿ ಕಪ್ಲರಿಗೆ ನೆಟ್ಟಗೆ ಕೂತ ಸರಳುಗಳ ನಡುವೆ ಅವಳ ತೋಳು ಹೆಗಲವರೆಗೂ ಸಲೀಸಾಗಿ ಹೋಯಿತು. ಆಮೇಲೆ ತಂತಿಯ ಬ್ರಷ್ಷನ್ನು ಅವನ ಕಾಲ ಬಳಿ ಎಸೆದಳು.

ಹ್ವೇಬೊಕ್ ಕಟ್ಟಿದ ಮೂರು ಸರಳನ್ನೂ ಬಿಚ್ಚಿ, ಮೂಗು ಮುಚ್ಚಿ ಕಪ್ಲರು ಉಜ್ಜತೊಡಗಿದ. ಒಂದೊಂದು ಉಜ್ಜಿಗೂ ಕೆಂಪು ರಾಡಿ ಹಾರಿ ಮೀಸೆಗೇ ಬಡಿಯಿತು.

“ಛೀ, ಯಾವ ನಾಯಿ ಉಗಿದಿದ್ದು ಇಲ್ಲಿ?”

“ಕನ್ನಡಿ ತರ್ಲಾ, ಅಪೇ?”

ಎರಡಕ್ಕೆ ಬಂದ ಲಾರಿ ಇಡೀ ಕಾವೊಹ್ಸಿಯುಂಗಿನ ಕಿವಿ ಕಿತ್ತುಹೋಗುವಂತೆ ಹಾರನ್ ಹೊಡೆಯಿತು. ಪೀಹಾ ಅದನ್ನು ಹಿಂದಕ್ಕಟ್ಟಿದಳು. ಸಂಜೆ ನಾಲ್ಕಕ್ಕೆ ಕೊನೆಯ ಸರಳು ಪೂರ್ತಿ ತಿರುಗಿ ಕೂತಿತು. ಅವಳು ಇಪ್ಪತ್ತನಾಲ್ಕನೇ ಗೆರೆ ಎಳೆದು, ಬೇರೆ ಲಾರಿ ಕರೆಸಿದಳು.

ಕೆಲಸ ನಾಲ್ಕನೇ ಮಹಡಿಗೆ ಏರಿದಾಗ ದೇವರಿಗೆ ಕಾಗದದ ಬಟ್ಟಲು, ಕಪ್ಲರಿಗೆಲ್ಲ ಮುಚ್ಚಳ. ಹ್ವೇಬೊಕ್ ಬಾಯಿ ತುಂಬ ಅಡಿಕೆ ರಸ ಇಟ್ಟುಕೊಂಡು ಅತ್ತ ನೋಡಿದ, ಇತ್ತ ನೋಡಿದ, ಎದುರಿಗಿದ್ದ ಪೀಹಾಳನ್ನು ನೋಡಿದ. ಕೊನೆಗೆ ಕಣ್ಣು ಮುಚ್ಚಿ ಗುಟುಕ್ಕನೆ ನುಂಗಿದ.

ಅವಳಿಗೆ ಗಂಜಿ ಮತ್ತೆ ಗಂಟಲಿಗೆ ಬಂತು.