ಕೆರೆಯಂಗಳದ ಹಳದಿ ಚೀಟಿ

ಹುತ್ತೂರಿನ ಅಶ್ವತ್ಥಪ್ಪ ಮೂವತ್ತು ವರ್ಷ ದುಡಿದದ್ದು ದೂರದ ಸಮುದ್ರತೀರದ ಅಣುಸ್ಥಾವರವೊಂದರಲ್ಲಿ. ಉರಿದು ಮುಗಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ, ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಭಯಂಕರ ವಿಕಿರಣದ ದ್ರವವೊಂದು ಉಳಿಯುತ್ತದೆ. ಅದರಿಂದ ಸೀಸಿಯಂ ಎಂಬ ವಿಕಿರಣ ಧಾತುವನ್ನು ಬೇರ್ಪಡಿಸಿ, ಮಿಕ್ಕಿದ್ದನ್ನು ಗಾಜಿನೊಡನೆ ಕರಗಿಸಿ ಉಕ್ಕಿನ ಡಬ್ಬಿಗೆ ಇಳಿಸುವುದು ಅವನ ಕೆಲಸ. ಒಂದು ದಿನವೂ ಅದನ್ನು ಕೈಯಿಂದ ಮುಟ್ಟಿರಲಿಲ್ಲ. ದಪ್ಪ ಗೋಡೆಯ ಈಚೆ ನಿಂತು, ಗಾಜಿನ ಕಿಟಕಿಯಲ್ಲಿ ನೋಡುತ್ತಾ ಯಂತ್ರದ ಕೈಗಳಿಂದಲೇ ಎಲ್ಲ ಮಾಡಬೇಕಿತ್ತು. ನಿವೃತ್ತನಾಗಿ ಊರಿಗೆ ಬಂದವನು ಹಿಪ್ಪುನೇರಳೆ ಬೆಳೆಯುತ್ತಿದ್ದ.

ಕಳೆದ ಕಾರ್ತಿಕದಲ್ಲಿ ಕೆರೆಯಂಗಳದ ಜಾಲಿ ಮರೆಯಲ್ಲಿ ಏಳು ಡ್ರಮ್ಮುಗಳು ಕಂಡವು. ಒಂದೊಂದರ ಮೇಲೂ ಹಳದಿ ಚೀಟಿ, ಅದರಲ್ಲಿ ವಿಕಿರಣದ ಮೂರೆಸಳಿನ ಗುರುತು. ಜನ ದನಗಳನ್ನು ಆ ಕಡೆ ಬಿಡುವುದನ್ನೇ ನಿಲ್ಲಿಸಿದರು. ಪಂಚಾಯಿತಿ ಸದಸ್ಯ ರಾಮಚಂದ್ರಪ್ಪ ಬಂದು, "ಅಣ್ಣ, ನಿಮಗೆ ಗೊತ್ತಿರೋ ವಿಷಯ, ಒಂದ್ಸಲ ಬಂದು ನೋಡಿ" ಎಂದು ಕರೆದೊಯ್ದ.

ಹತ್ತು ಹೆಜ್ಜೆ ದೂರದಲ್ಲೇ ನಾತ ಗಂಟಲು ಹಿಡಿಯಿತು. ಒಂದು ಡ್ರಮ್ಮಿನ ತಳ ಸೀಳಿ ಕಂದು ಲೋಳೆ ಒಸರುತ್ತಿತ್ತು. ಅದರಲ್ಲಿ ಸತ್ತ ಕಪ್ಪೆಗಳು ಉಬ್ಬಿ ಅಂಟಿಕೊಂಡಿದ್ದವು. ಅಶ್ವತ್ಥಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ.

"ಇದು ಅಣು ಕಸ ಅಲ್ಲ ಕಣೋ. ಆಗಿದ್ರೆ ತಂದೋನು ಇಷ್ಟೊತ್ತಿಗೆ ಆಸ್ಪತ್ರೇಲಿ ಇರ್ತಿದ್ದ. ಯಾವುದೋ ಕಾರ್ಖಾನೆ ಗಲೀಜಿದು. ಚೀಟಿ ಯಾರು ಅಂಟಿಸಿದ್ದು?"

ರಾಮಚಂದ್ರಪ್ಪ ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ನಾನೇ ಅಣ್ಣ. ಮಾಲೂರಲ್ಲಿ ನಮ್ಮ ಭಾವಮೈದ ಭೀಮರಾಜಂದು ಕೆಮಿಕಲ್ ಶೆಡ್ ಇದೆ, ಅಲ್ಲೀದು. ಯಾರೂ ಹತ್ರ ಹೋಗ್ದೆ ಇರ್ಲಿ ಅಂತ ಅಂಟಿಸ್ದೆ. ಈಗ ಜನ ಟೀವಿಯೋರನ್ನ ಕರೀತೀವಿ ಅಂತಾರೆ. ಇದು ಶುದ್ಧ ಮಾಡಿರೋ ಕಸ, ಭಯ ಇಲ್ಲ ಅಂತ ನೀವೊಂದು ಮಾತು ಹೇಳ್ಬಿಡಿ. ನಿಮ್ಮನ್ನ ನಂಬ್ತಾರೆ."

ಅಶ್ವತ್ಥಪ್ಪ ಆ ಹಳದಿ ಚೀಟಿಯತ್ತ ನೋಡಿದ. ಅವನು ದುಡಿದ ಸ್ಥಾವರದಲ್ಲಿ ಒಂದು ತೊಟ್ಟು ಚೆಲ್ಲಿದರೂ ಇಡೀ ಪಾಳಿಯ ಕೆಲಸ ನಿಲ್ಲುತ್ತಿತ್ತು. ಈ ರಾಮಚಂದ್ರಪ್ಪ ಆ ಗುರುತನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಹೇಸಿಗೆಯ ಮೇಲೆ ಮೆತ್ತಿದ್ದ. ಹೆಗಲ ಮೇಲಿನ ಕೈಯನ್ನು ಹುಳ ಕೊಡವಿದಂತೆ ಕೊಡವಿದ.

ಸಾಯಂಕಾಲ ಡೇರಿಗೆ ಹಾಲು ಹಾಕಲು ಬಂದವರ ಮುಂದೆ ಎಲ್ಲವನ್ನೂ ಹೇಳಿದ.

"ಹಂಗಾದ್ರೆ ಭಯ ಇಲ್ವೇನಣ್ಣ?" ಎಂದಳು ಗಂಗರತ್ನಮ್ಮ, ಹಾಲಿನ ಕ್ಯಾನು ಹಿಡಿದೇ.

"ಇದೆ ಕಣಮ್ಮ. ಮಳೆ ಬಂದ್ರೆ ಅದು ನಿಮ್ಮ ಬೋರ್‌ವೆಲ್‌ಗೇ ಇಳಿಯೋದು."

ಊರೆಲ್ಲ ಸುದ್ದಿಯಾದದ್ದರಿಂದ ಮಾರನೆಯ ಬೆಳಿಗ್ಗೆಯೇ ಭೀಮರಾಜನ ಟೆಂಪೋ ಬಂದು ಡ್ರಮ್ಮುಗಳನ್ನು ಹೇರಿಕೊಂಡಿತು. ಅದು ಮಾಲೂರಿಗೆ ಹೋಗದೆ ಹೋಳೂರಿನ ದಾರಿ ಹಿಡಿದದ್ದನ್ನು ಕಂಡು ಅಶ್ವತ್ಥಪ್ಪ ಮೊಪೆಡ್ಡಿನಲ್ಲಿ ಹಿಂದೆಯೇ ಹೊರಟ. ಇನ್ನೊಂದು ಊರಿನ ಕೆರೆ ಏರಿಯ ಮೇಲೆ ಟೆಂಪೋ ನಿಂತಿತು, ಹಿಂಬಾಗಿಲು ತೆರೆಯಿತು. ಅವನು ಮೊಪೆಡ್ಡನ್ನು ಅಡ್ಡ ನಿಲ್ಲಿಸಿ ಪೊಲೀಸರಿಗೆ ಫೋನ್ ಮಾಡಿದ. ಡ್ರೈವರ್ ಬೈದ, ಬೇಡಿಕೊಂಡ. ಅಶ್ವತ್ಥಪ್ಪ ಜಗ್ಗಲಿಲ್ಲ.

ಪೊಲೀಸರು ಬಂದು ಟೆಂಪೋ ಹಿಡಿದರು. ಭೀಮರಾಜನ ಮೇಲೆ ಕೇಸಾಯಿತು. ರಾಮಚಂದ್ರಪ್ಪನ ಹೆಸರನ್ನು ಅಶ್ವತ್ಥಪ್ಪನೇ ದೂರಿನಲ್ಲಿ ಬರೆಸಿದ.

ಮನೆಗೆ ಬಂದು ಎರಡು ಸಲ ಮೈ ಉಜ್ಜಿಕೊಂಡು ಸ್ನಾನ ಮಾಡಿದ. ಹೆಂಡತಿ ಆದಿಲಕ್ಷ್ಮಿ ಮುದ್ದೆ ಬಡಿಸಿದಳು.

"ಯಾಕೆ, ಊಟ ಸೇರ್ತಿಲ್ವಾ?"

"ಆ ನಾತ ಇನ್ನೂ ಮೂಗಲ್ಲೇ ಇದೆ ಕಣೇ" ಎಂದು ತಟ್ಟೆ ಸರಿಸಿ ಎದ್ದ.